ನೋಡದ ಕೆಲಸವನ್ನು ಮಕ್ಕಳು ಆರಿಸಿಕೊಳ್ಳುವುದು ಹೇಗೆ?

ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ದಸರಾ ರಜೆ ಮುಗಿಸಿ ಬಂದ ಹತ್ತನೇ ತರಗತಿಯ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು, ಗೊತ್ತಿರುವ ಉದ್ಯೋಗಗಳನ್ನೆಲ್ಲ ಬರೆಯಿರಿ ಎನ್ನುವುದು ನನ್ನ ರೂಢಿ. ಡಾಕ್ಟರ್, ಇಂಜಿನಿಯರ್, ಟೀಚರ್, ಪೊಲೀಸ್, ಮಿಲಿಟರಿ, ಬ್ಯಾಂಕು. ಹೆಚ್ಚಿನ ಹಾಳೆಗಳು ಅಲ್ಲಿಗೇ ನಿಲ್ಲುತ್ತವೆ. ಜಾಣರ ಹಾಳೆಯಲ್ಲಿ ಕೆಎಎಸ್, ಐಎಎಸ್ ಸೇರಿರುತ್ತವೆ.

ಆಮೇಲೆ ಪ್ರಶ್ನೆಗಳನ್ನು ಶುರು ಮಾಡುತ್ತೇನೆ. ನಿಮ್ಮ ತೋಟಕ್ಕೆ ಪೋಡಿ ಮಾಡಲು ಬಂದು ಅಳತೆ ಹಾಕಿದವರು ಏನು ಓದಿರಬಹುದು? ತೆಂಗಿಗೆ ಕಪ್ಪುತಲೆ ಹುಳು ಬಿದ್ದಾಗ ಅದನ್ನು ಕೊಲ್ಲುವ ಪರೋಪಜೀವಿ ಕೀಟಗಳನ್ನು ತಂದು ಬಿಟ್ಟರಲ್ಲ, ಆ ಕೀಟಗಳನ್ನು ಸಾಕಿ ಬೆಳೆಸುವವರು ಯಾರು? ಡೇರಿಯಲ್ಲಿ ಹಾಲಿನ ಫ್ಯಾಟ್ ತೋರಿಸುವ ಯಂತ್ರ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ? ಹುಟ್ಟಿದಾಗಿನಿಂದ ಕಿವಿ ಕೇಳದ ಮಗುವಿಗೆ ಮಾತು ಕಲಿಸುವವರು ಎಲ್ಲಿ ಓದುತ್ತಾರೆ? ಈ ಕೊನೆಯ ಪ್ರಶ್ನೆಗೆ ಉತ್ತರ ನಮ್ಮ ಮೈಸೂರಿನಲ್ಲೇ ಇದೆ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪಿಯುಸಿ ವಿಜ್ಞಾನದ ನಂತರ ಅದಕ್ಕೇ ಒಂದು ಪದವಿ ಇದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು. ಇಂಥದ್ದಕ್ಕೂ ಓದು ಇದೆಯಾ ಮಿಸ್, ಎನ್ನುತ್ತಾರೆ.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ 'ಮುಂದೇನು' ಎಂದು ಉಪನ್ಯಾಸ ಕೊಡುವವರು ಬೇಕಾದಷ್ಟು ಜನ ಬರುತ್ತಾರೆ, ಕೋರ್ಸುಗಳ ಪಟ್ಟಿ ಓದಿ ಹೋಗುತ್ತಾರೆ. ಕೋರ್ಸಿನ ಹೆಸರು ತಿಳಿದ ಮಾತ್ರಕ್ಕೆ ಹದಿನೈದರ ಮಗುವಿಗೆ ಆ ಕೆಲಸದ ಬದುಕು ಕಾಣುವುದಿಲ್ಲ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು, ಕೈಯಲ್ಲಿ ಏನು ಹಿಡಿಯಬೇಕು, ಯಾರ ಜೊತೆ ಮಾತಾಡಬೇಕು, ಎಷ್ಟು ಹೊತ್ತು ನಿಂತಿರಬೇಕು ಎನ್ನುವುದನ್ನು ಕಣ್ಣಾರೆ ನೋಡಬೇಕು. ಅದನ್ನು ತೋರಿಸುವುದು ಶಾಲೆಯ ಕೆಲಸ ಎಂದು ನಾನು ನಂಬಿದ್ದೇನೆ.

ಈ ವರ್ಷ ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಮನೆಯಲ್ಲಿ ತೆಂಗಿನ ತೋಟ, ಎರಡು ಸೀಮೆ ಹಸು. ಜೀವಶಾಸ್ತ್ರ ಎಂದರೆ ಪ್ರಾಣ. ಅವಳ ಹಾಳೆಯಲ್ಲಿ 'ದನದ ಡಾಕ್ಟರು' ಎಂದು ಬರೆದು, ಆಮೇಲೆ ಅದನ್ನು ಹೊಡೆದುಹಾಕಿ 'ಇಂಜಿನಿಯರ್' ಎಂದು ಬರೆದಿದ್ದಳು. ಯಾಕಮ್ಮ ಹೊಡೆದೆ ಎಂದರೆ, ಅಪ್ಪ ಬೈತಾರೆ ಮಿಸ್ ಅಂದಳು.

ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಅವಳ ಜೊತೆ ಇನ್ನೂ ಕೆಲವು ಮಕ್ಕಳನ್ನು ಹತ್ತಿರದ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆವತ್ತು ಕರು ಅಡ್ಡ ತಿರುಗಿದ್ದ ಒಂದು ಎಮ್ಮೆಯನ್ನು ಟೆಂಪೋದಲ್ಲಿ ತಂದಿದ್ದರು. ಡಾಕ್ಟರು ತೋಳಿನವರೆಗೂ ಪ್ಲಾಸ್ಟಿಕ್ ಕೈಗವಸು ಹಾಕಿ ಕೈ ಒಳಗೆ ತೂರಿಸಿದಾಗ ಇಬ್ಬರು ಹುಡುಗರು ಹೊರಗೆ ಓಡಿದರು. ಇವಳು ಎಮ್ಮೆಯ ತಲೆಯ ಹತ್ತಿರ ಹೋಗಿ ನಿಂತಳು. ಕೆಲಸ ಮುಗಿದ ಮೇಲೆ ಡಾಕ್ಟರು ಮಕ್ಕಳ ಜೊತೆ ಬಿಚ್ಚುಮನಸ್ಸಿನಿಂದ ಮಾತಾಡಿದರು. ರಾತ್ರಿ ಫೋನು ಬಂದರೂ ಹೋಗಬೇಕು, ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಊರೂರು, ಮನೆಮನೆ ತಿರುಗಬೇಕು, ಒದೆಸಿಕೊಳ್ಳಬೇಕು, ಸಂಜೆ ಕೂತು ಲೆಕ್ಕಪತ್ರ ಬರೆಯಬೇಕು ಎಂದರು. ಆ ಮಾತು ಕೇಳಿದ ಮೇಲೂ ಅವಳಿಗೆ ಆಸೆ ಉಳಿದಿತ್ತು. ನನಗೆ ಬೇಕಾಗಿದ್ದದ್ದೂ ಅಷ್ಟೇ.

ಇಲ್ಲಿಂದ ದಾರಿ ಎರಡಾಗುತ್ತದೆ. ನಮ್ಮದೇ ತಾಲ್ಲೂಕಿನ ಕೋನೇಹಳ್ಳಿಯಲ್ಲಿ ಪಶುಸಂಗೋಪನಾ ಪಾಲಿಟೆಕ್ನಿಕ್ ಇದೆ. ಎಸ್ಸೆಸ್ಸೆಲ್ಸಿ ಆದವರಿಗೆ ಅಲ್ಲಿ ಎರಡು ವರ್ಷದ ಡಿಪ್ಲೊಮಾ. ಇಲಾಖೆಯಲ್ಲಿ, ಹಾಲು ಒಕ್ಕೂಟಗಳಲ್ಲಿ ಡಾಕ್ಟರಿಗೆ ಸಹಾಯಕರಾಗಿ ದುಡಿಯುವ ಕೆಲಸಗಳಿಗೆ ಅದು ದಾರಿ. ಡಾಕ್ಟರೇ ಆಗಬೇಕೆಂದರೆ ಪಿಯುಸಿ ವಿಜ್ಞಾನ ಓದಿ, ಸಿಇಟಿ ಬರೆದು, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಕಾಲೇಜೊಂದನ್ನು ಸೇರಬೇಕು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗಗಳಲ್ಲೆಲ್ಲ ಇಂಥ ಕಾಲೇಜುಗಳಿವೆ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು. ಕೃಷಿಕರ ಮಕ್ಕಳಿಗೆ ಇಲ್ಲಿ ಬೇರೆ ಕೋಟಾವೇ ಇದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ದನಕರು, ಹೊಲ, ತೋಟದ ನಡುವೆ ಬೆಳೆದ ಮಗುವಿನ ತಿಳಿವಳಿಕೆಗೆ ಬೆಲೆ ಸಿಗುವ ಪರೀಕ್ಷೆಗಳು ನಮ್ಮಲ್ಲಿ ಬಹಳ ಕಡಿಮೆ. ಇದು ಅಂಥದೊಂದು.

ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಏಳುವುದು ಇಲ್ಲೇ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ನಾಲ್ಕನೆಯದಾಗಿ ಕಂಪ್ಯೂಟರ್ ಸೈನ್ಸ್ ಹಿಡಿದರೆ ಅದು ಪಿಸಿಎಂಸಿ, ಜೀವಶಾಸ್ತ್ರ ಹಿಡಿದರೆ ಪಿಸಿಎಂಬಿ. ಇಂಜಿನಿಯರಿಂಗ್ ಮಾಡಲು ಕಂಪ್ಯೂಟರ್ ಓದಿರಲೇಬೇಕು ಎಂದು ಎಷ್ಟೋ ತಂದೆತಾಯಿ ತಿಳಿದಿದ್ದಾರೆ. ಹಾಗೇನಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕಕ್ಕೆ ಬರುವುದು ಮೊದಲ ಮೂರು ವಿಷಯ. ಸಿಇಟಿಯಲ್ಲಿ ಒಂದೊಂದಕ್ಕೆ 60ರಂತೆ 180 ಅಂಕ, ಅದಕ್ಕೆ ಅದೇ ವಿಷಯಗಳ ಪಿಯುಸಿ ಅಂಕವನ್ನು ಅರ್ಧಕ್ಕರ್ಧ ಸೇರಿಸುತ್ತಾರೆ. ಪಿಸಿಎಂಬಿ ಓದಿದವರು ಇಂಜಿನಿಯರಿಂಗಿಗೂ ಹೋಗಬಹುದು, ಕೃಷಿ, ಪಶುವೈದ್ಯ, ನೀಟ್ ಬರೆದು ವೈದ್ಯಕೀಯಕ್ಕೂ ಹೋಗಬಹುದು. ಮನಸ್ಸು ಇನ್ನೂ ಗಟ್ಟಿಯಾಗದ ಮಗುವಿಗೆ ನಾನು ಹೇಳುವುದು ಪಿಸಿಎಂಬಿಯನ್ನೇ.

ಆದರೆ ಎಲ್ಲರೂ ಪಿಯುಸಿ ವಿಜ್ಞಾನಕ್ಕೇ ಹೋಗಬೇಕೆಂಬ ಹಟ ನನಗಿಲ್ಲ. ಹಿಂದಿನ ಒಂದು ಬ್ಯಾಚಿನ ಹುಡುಗ ಊರಿನ ಬೋರ್‌ವೆಲ್ ಮೋಟಾರುಗಳನ್ನು ಬಿಚ್ಚಿ ಜೋಡಿಸುತ್ತಿದ್ದ. ಪುಸ್ತಕ ಹಿಡಿದರೆ ನಿದ್ದೆ. ಅವನಿಗೆ ಜಿಟಿಟಿಸಿ ತೋರಿಸಿದೆವು. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಎಂದು ಅದರ ಪೂರ್ತಿ ಹೆಸರು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿ ಈಗ ರಾಜ್ಯದ ಹಲವು ಜಿಲ್ಲೆಗಳಿಗೆ ಹಬ್ಬಿದೆ. ಎಸ್ಸೆಸ್ಸೆಲ್ಸಿ ನಂತರ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಲೇತ್ ಮುಂದೆ ನಿಂತರೆ ಈಗ ಅವನಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲವಂತೆ. ಇನ್ನು ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಬಹುದು. ಡಿಪ್ಲೊಮಾಕ್ಕೆ ಹೋದರೆ ಓದು ಅಲ್ಲಿಗೇ ಮುಗಿಯಿತು ಎಂಬ ಮಾತು ಇನ್ನೂ ಹಳ್ಳಿಗಳಲ್ಲಿ ಓಡಾಡುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅದಕ್ಕಿಂತ ಬೇಸರವಾಗುವುದು ಆರ್ಟ್ಸ್ ಬಗ್ಗೆ ಆಡುವ ಮಾತಿಗೆ. ಅಂಕ ಬಾರದವರು ಸೇರುವ ಜಾಗ ಎಂದೇ ಅದನ್ನು ಕಾಣುತ್ತಾರೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರವನ್ನು ಮನಸ್ಸಿಟ್ಟು ಓದಿದ ಮಗು ಐದು ವರ್ಷದ ಕಾನೂನು ಪದವಿಗೆ, ಆಡಳಿತ ಸೇವೆಗೆ, ಪತ್ರಿಕೋದ್ಯಮಕ್ಕೆ ಎಷ್ಟು ಸಿದ್ಧವಾಗಿರುತ್ತದೆ! ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬರುವ ಮಕ್ಕಳನ್ನು ಅಂಕ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ವಿಜ್ಞಾನಕ್ಕೆ ತಳ್ಳಬೇಡಿ ಎಂದು ಪ್ರತಿ ಪೋಷಕರ ಸಭೆಯಲ್ಲೂ ಹೇಳುತ್ತೇನೆ.

ಒಂದು ಕಾಗದದ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದವರಿಗೆ ಸಿಇಟಿ ಸೀಟುಗಳಲ್ಲಿ ಶೇ 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಶೇ 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ 371 ಜೆ ಅಡಿಯ ಅನುಕೂಲ ಬೇರೆ. ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಎರಡು ವರ್ಷದ ನಂತರ, ಸಿಇಟಿ ಹೊತ್ತಿಗೆ, ಕಿರಿಯ ಪ್ರಾಥಮಿಕ ಶಾಲೆಯ ದಾಖಲೆ ಹುಡುಕಿಕೊಂಡು ಅಲೆಯುವ ತಂದೆಯರನ್ನು ನೋಡಿದ್ದೇನೆ. ಅದಕ್ಕೇ ನಮ್ಮ ಶಾಲೆಯಿಂದ ಟಿಸಿ ಕೊಡುವಾಗಲೇ ಇದನ್ನೂ ಮಾಡಿಸಿಕೊಳ್ಳಿ ಎಂದು ಬೆನ್ನು ಬೀಳುತ್ತೇವೆ.

ಹುಡುಗಿಯ ಅಪ್ಪನನ್ನು ಶಾಲೆಗೆ ಕರೆಸಿದ್ದೆ. "ಮೇಡಂ, ದನ ನೋಡ್ಕಳಕ್ಕೆ ಓದುಸ್ಬೇಕಾ? ನಮ್ಮನೇಲೇ ಇದಾವಲ್ಲ" ಎಂದರು. ಬೇಸರವೇನೂ ಇರಲಿಲ್ಲ ಆ ಮಾತಿನಲ್ಲಿ, ನಿಜವಾದ ಗೊಂದಲವಿತ್ತು. ಹೋದ ಸಲ ನಿಮ್ಮ ಹಸುವಿಗೆ ಕೆಚ್ಚಲು ಬಾವು ಬಂದಾಗ ಯಾರನ್ನು ಕರೆಸಿದಿರಿ ಅಣ್ಣ, ಅವರು ಬರುವುದು ಎಷ್ಟು ಹೊತ್ತಾಯಿತು ಎಂದು ಕೇಳಿದೆ. ಅಲ್ಲಿಂದ ಮಾತು ದಾರಿಗೆ ಬಂತು. ಖರ್ಚಿನ ಮಾತೂ ಬಂತು. ಸರ್ಕಾರಿ ಪಿಯು ಕಾಲೇಜಿನ ಶುಲ್ಕ ಅವರ ಕೈಗೆ ಎಟುಕುವಂಥದ್ದು, ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ರೈತ ವಿದ್ಯಾನಿಧಿಯಲ್ಲಿ ಪಿಯುಸಿ ಓದುವ ರೈತರ ಹೆಣ್ಣುಮಗಳಿಗೆ ವರ್ಷಕ್ಕೆ 3,000 ರೂಪಾಯಿ ಎಂದು ವಿವರಿಸಿದೆ. ಅದಕ್ಕೆ ಬೇಕಾದ ರೈತರ ಫ್ರೂಟ್ಸ್ ಐಡಿ ಮಾಡಿಸಿದ್ದೀರಾ ಎಂದರೆ ಇದೆ ಎಂದರು.

ಮಗಳು ಐದೂವರೆ ವರ್ಷ ದೂರದಲ್ಲಿರುವುದು ಅವರಿಗಿನ್ನೂ ಒಗ್ಗಿಲ್ಲ. ಕೋನೇಹಳ್ಳಿಯಾದರೆ ಕಣ್ಣಳತೆಯಲ್ಲೇ ಇರುತ್ತಾಳೆ ಎಂಬುದು ಅವರ ವಾದ. ಅವಳಿಗೆ ಬೇಕಾಗಿರುವುದು ಡಾಕ್ಟರ ಕೆಲಸ. ನನ್ನ ಮನಸ್ಸು ಅವಳ ಕಡೆಗೇ ಇದೆ, ಅದನ್ನು ಅವರಿಬ್ಬರಿಗೂ ಹೇಳಿದ್ದೇನೆ. ಫಲಿತಾಂಶ ಬಂದ ಮೇಲೆ ಅರ್ಜಿ ಎರಡಕ್ಕೂ ಹಾಕೋಣ, ಅದಕ್ಕೆ ಮುಂಚೆ ಒಂದು ದಿನ ಹಾಸನದ ಕಾಲೇಜನ್ನೂ ಅಲ್ಲಿನ ಹಾಸ್ಟೆಲನ್ನೂ ಅಪ್ಪ ಮಗಳು ಒಟ್ಟಿಗೆ ಹೋಗಿ ನೋಡಿಕೊಂಡು ಬನ್ನಿ ಎಂದಿದ್ದೇನೆ. ಪರೀಕ್ಷೆ ಮುಗಿದ ವಾರದಲ್ಲೇ ಹೋಗುತ್ತೇವೆ ಎಂದು ಒಪ್ಪಿಕೊಂಡಿದ್ದಾರೆ.