ಮನೆಯಲ್ಲಿ ಮಾಡಿದ ಅಳತೆ ಮತ್ತು ಅದರ ಮೂಲಸಂಬಂಧ

ಅಳತೆಯ ಸಾಧನವನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು; ಆದರೆ ಅದು ತೋರಿಸುವ ಬೆಲೆಯನ್ನು ಇತರರು ಒಪ್ಪಬೇಕಾದರೆ ಆ ಸಾಧನದ ಮೂಲ ತಿಳಿದಿರಬೇಕು. ಕನ್ನಡ ನಾಡಿಗೆ ಈ ತಿಳಿವಳಿಕೆ ಹೊಸದಲ್ಲ. ದತ್ತಿಭೂಮಿಯ ವಿಸ್ತಾರವನ್ನು ಹೇಳುವ ಶಾಸನಗಳು ಅದನ್ನು ಅಳೆದ ಕೋಲನ್ನೂ ಹೆಸರಿಸುವುದುಂಟು; ಬಳ್ಳಿಗಾವೆಯ ಶಾಸನಗಳ ‘ಭೇರುಂಡ ಗಳೆ’ ಇದಕ್ಕೆ ನಿದರ್ಶನ. ಇಂಡಿ ತಾಲ್ಲೂಕಿನ ಲಚ್ಯಾಣದಂತಹ ಜೋಳದ ಸೀಮೆಯ ಊರುಗಳು ಬಲ್ಲ ಸೇರಿನ ವಿಷಯವೂ ಹೀಗೆಯೇ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕ ಒಂದೇ ಆದರೂ ಸೇರಿನ ಗಾತ್ರ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗಿತ್ತು. ಆದ್ದರಿಂದ ‘ಎಷ್ಟು ಸೇರು’ ಎನ್ನುವುದಕ್ಕಿಂತ ಮೊದಲು ‘ಯಾವ ಸೇರು’ ಎಂದು ಕೇಳಬೇಕಾಗುತ್ತಿತ್ತು.

ಇದೇ ಪ್ರಶ್ನೆ ಇಂದು ಹವ್ಯಾಸಿ ತಂತ್ರಜ್ಞರ ಮೇಜಿನ ಮೇಲೂ ಇದೆ. ಎಲ್‌ಎಂ399 ಅಥವಾ ಎಲ್‌ಟಿಝಡ್1000 ಎಂಬ ಝೀನರ್ ಬಿಡಿಭಾಗದಿಂದ ಸುಮಾರು 7 ವೋಲ್ಟಿನ ಸ್ಥಿರ ಆಧಾರವನ್ನು ಮನೆಯಲ್ಲಿಯೇ ಕಟ್ಟಬಹುದು. ಬಿಡಿಭಾಗವನ್ನು ಒಂದೇ ಉಷ್ಣತೆಯಲ್ಲಿರಿಸುವುದರಿಂದ ಈ ಸ್ಥಿರತೆ ಸಾಧ್ಯವಾಗುತ್ತದೆ. ಆದರೆ ಸ್ಥಿರತೆ ಬೇರೆ, ಮೂಲಸಂಬಂಧ ಬೇರೆ. ಹತ್ತು ಮಂದಿ ಗೆಳೆಯರ ಆಧಾರಗಳು ಪರಸ್ಪರ ಹೊಂದಿಕೊಂಡರೆ ಅವರ ಒಮ್ಮತ ಸಿದ್ಧವಾಗುತ್ತದೆಯೇ ಹೊರತು ವೋಲ್ಟಿನ ನಿಜವಾದ ಬೆಲೆಯಲ್ಲ.

ಮೂಲಸಂಬಂಧವೆಂದರೆ ತುಂಡಾಗದ ಹೋಲಿಕೆಗಳ ಸರಣಿ. ಮನೆಯ ಆಧಾರವನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ತಾಳೆ ನೋಡಿಸಬೇಕು. ಆ ಪ್ರಯೋಗಾಲಯದ ಮಾನಕ ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮಾನಕದೊಂದಿಗೆ ಹೋಲಿಕೆಗೊಂಡಿರಬೇಕು. ಅಲ್ಲಿಯ ವೋಲ್ಟ್ ಜೋಸೆಫ್‌ಸನ್ ಪರಿಣಾಮವನ್ನು ಅವಲಂಬಿಸಿದೆ: ಅತಿವಾಹಕ ಸಂಧಿಯ ಮೇಲೆ ಸೂಕ್ಷ್ಮತರಂಗ ಬಿದ್ದಾಗ ಅದರ ಆವೃತ್ತಿಗೆ ಅನುಗುಣವಾದ ನಿಶ್ಚಿತ ವೋಲ್ಟೇಜ್ ದೊರೆಯುತ್ತದೆ.

ಸರಣಿಯ ಪ್ರತಿ ಕೊಂಡಿಯಲ್ಲಿ ಬೆಲೆ, ದಿನಾಂಕ, ಉಷ್ಣತೆ ಹಾಗೂ ಅನಿಶ್ಚಿತತೆ ದಾಖಲಾಗಬೇಕು. ಕೆಳಗಿನ ಕೊಂಡಿ ಮೇಲಿನದಕ್ಕಿಂತ ಹೆಚ್ಚು ಖಚಿತವಾಗಲಾರದು. ಪ್ರಮಾಣಪತ್ರದ ಅನಿಶ್ಚಿತತೆ 10 ಲಕ್ಷಕ್ಕೆ 10 ಭಾಗವಾಗಿದ್ದರೆ 10 ವೋಲ್ಟಿನಲ್ಲಿ ಅದು 100 ಮೈಕ್ರೋವೋಲ್ಟ್. ಮಾಪಕ ಎಷ್ಟೇ ಅಂಕಿಗಳನ್ನು ತೋರಿಸಿದರೂ ಆ ಮಿತಿ ಕುಗ್ಗದು. ಸಾಗಣೆಯ ಆಘಾತ, ವಿದ್ಯುತ್ ಕಡಿತಗಳಿಂದಲೂ ಬೆಲೆ ಸರಿಯಬಹುದಾದ್ದರಿಂದ, ಕಳುಹಿಸುವ ಮೊದಲು ಹಾಗೂ ಮರಳಿದ ನಂತರ ಮನೆಯಲ್ಲಿ ಉಳಿದ ಇನ್ನೊಂದು ಆಧಾರದೊಂದಿಗೆ ಹೋಲಿಸುವುದು ಅವಶ್ಯ. ಒಂದು ಪ್ರಮಾಣಪತ್ರ ಆ ದಿನದ ಬೆಲೆಯನ್ನಷ್ಟೇ ತಿಳಿಸುತ್ತದೆ. ಕಾಲಕ್ರಮದ ಬದಲಾವಣೆ ಮರುತಾಳೆಗಳಿಂದ ಮಾತ್ರ ತಿಳಿಯುತ್ತದೆ.

ದಿನಾಂಕದ ಮಹತ್ವಕ್ಕೆ ಇನ್ನೊಂದು ಕಾರಣವೂ ಇದೆ. 2019ರ ಮೇ 20ರಂದು ಮೂಲಮಾನಗಳ ಹೊಸ ವ್ಯಾಖ್ಯೆ ಜಾರಿಗೆ ಬಂದಾಗ, 1990ರಿಂದ ಬಳಕೆಯಲ್ಲಿದ್ದ ವೋಲ್ಟಿಗೂ ಹೊಸದಕ್ಕೂ ಕೋಟಿಗೆ ಸುಮಾರು ಒಂದು ಭಾಗದ ಅಂತರ ಉಂಟಾಯಿತು. 10 ವೋಲ್ಟಿನಲ್ಲಿ ಇದು ಸುಮಾರು 1 ಮೈಕ್ರೋವೋಲ್ಟ್.

ಹಾಡಿದವರು, ಊರು, ದಿನಾಂಕಗಳಿಲ್ಲದ ಹಂತಿಯ ಪದದ ಸಂಗ್ರಹವನ್ನು ಸಂಶೋಧಕರು ಆಕರವಾಗಿ ಬಳಸಲು ಹಿಂಜರಿಯುತ್ತಾರೆ. ದಾಖಲೆಯಿಲ್ಲದ ವೋಲ್ಟಿನ ಸ್ಥಿತಿಯೂ ಅದೇ. ಕುಶಲ ಕೈಗಳು ಮನೆಯಲ್ಲಿ ಕಟ್ಟಿದ ಸಾಧನ ವಿದ್ವತ್ತಿನ ಬಳಕೆಗೆ ಅರ್ಹವಾಗುವುದು ಅದರ ಜೊತೆಗಿರುವ ಈ ದಾಖಲೆಯಿಂದ.