ಎ ಬರೆಯಬೇಕೋ, ಇ ಬರೆಯಬೇಕೋ?

ದಾವಣಗೆರೆಯಂಥ ಕಾಲೇಜುಗಳ ಊರಿನಲ್ಲಿ ಸ್ಟೇಷನರಿ ಅಂಗಡಿಗಳಿಗೆ ಬರವಿಲ್ಲ. ಕನ್ನಡ ಬೋರ್ಡಿನಲ್ಲಿ ತಕರಾರೂ ಇಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗಲೇ ಪೇಂಟರ್ ಕೈ ತಡೆಯುವುದು: ಕೊನೆಗೆ ‘ಎ-ಆರ್-ವೈ’ಯೋ, ‘ಇ-ಆರ್-ವೈ’ಯೋ? ಇ ಇದ್ದರೆ ಪೆನ್ನು, ಕಾಗದ. ಎ ಇದ್ದರೆ ಕದಲದೆ ನಿಂತದ್ದು. ಎರಡಕ್ಕೂ ಬೇರು ಒಂದೇ. ಮಧ್ಯಯುಗದ ಯುರೋಪಿನಲ್ಲಿ ಊರೂರು ತಿರುಗದೆ ಒಂದೇ ಕಡೆ ಅಂಗಡಿ ಹೂಡಿದ ಪುಸ್ತಕ ವ್ಯಾಪಾರಿಯನ್ನು ‘ಸ್ಟೇಷನರ್’ ಎನ್ನುತ್ತಿದ್ದರು.

ಇಂಥ ಜೋಡಿಗಳನ್ನು ಇಂಗ್ಲಿಷರೂ ಕಿವಿಯಿಂದ ಬಿಡಿಸಲಾರರು. ನೋಡುವ ‘ಸೀ’ಗೂ ಸಮುದ್ರದ ‘ಸೀ’ಗೂ 600 ವರ್ಷಗಳ ಹಿಂದೆ ಬೇರೆ ಬೇರೆ ಸ್ವರವಿತ್ತು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ತೆರೆದ. ಮುಂದೆ ಕಾಗುಣಿತ ಗಟ್ಟಿಯಾಗುತ್ತ ಬಂತು, ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು.

ಕನ್ನಡಕ್ಕೂ ಈ ತೊಡಕು ಹೊಸದಲ್ಲ. ಹರಿಹರದಲ್ಲಿ ಹರಿಹರೇಶ್ವರ ದೇಗುಲ ಎದ್ದದ್ದು 1224ರ ಸುಮಾರಿಗೆ. ಅದಾದ ಕೆಲವೇ ದಶಕಗಳಲ್ಲಿ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ೞ ಬರುವ ಪದಗಳನ್ನು ಪಟ್ಟಿ ಮಾಡಿಟ್ಟ, ಅಷ್ಟರಲ್ಲಾಗಲೇ ಅದು ಳ ಜೊತೆ ಕಲೆಸಿಹೋಗುತ್ತಿತ್ತು. ಱ ಕೂಡ ರ ಆಯಿತು. ಹಾಲು ‘ಕಱೆ’ಯುವುದೂ ಹೆಸರು ಹಿಡಿದು ‘ಕರೆ’ಯುವುದೂ ಈಗ ಒಂದೇ. ‘ಎಮ್ಮೆ ಕರೆದಳು’ ಎಂದರೆ ಸಂದರ್ಭವೇ ಅರ್ಥ ಹೇಳಬೇಕು. ವ್ಯತ್ಯಾಸವೆಂದರೆ, ನಾವು ಸತ್ತ ಅಕ್ಷರಗಳನ್ನು ಬಿಟ್ಟೆವು, ಇಂಗ್ಲಿಷರು ಹೊತ್ತುಕೊಂಡೇ ನಡೆದರು. ನನಗೇನೋ ನಮ್ಮದೇ ಜಾಣತನ ಅನ್ನಿಸುತ್ತದೆ.

ಇನ್ನು ಕೆಲವು ಗೊಂದಲಗಳು ಇಂಗ್ಲಿಷಿನವಲ್ಲ, ನಮ್ಮ ಕಿವಿಯವು. ಬನಿಯನ್‌ಗೆ ಹೇಳುವ ‘ವೆಸ್ಟ್’, ಪಶ್ಚಿಮದ ‘ವೆಸ್ಟ್’ ಅವರಿಗೆ ಬೇರೆ ಬೇರೆ. ನಮಗಿರುವುದು ಒಂದೇ ವ. ಇಂಗ್ಲಿಷ್ ಮನೆಮಾತಿನ ಕೂಸುಗಳಿಗೆ ಆರೆಂಟು ತಿಂಗಳವರೆಗೆ ಹಿಂದಿಯ ತ, ಟ ಬೇರೆಯಾಗಿಯೇ ಕೇಳಿಸುತ್ತವೆ, ವರ್ಷ ತುಂಬುವಷ್ಟರಲ್ಲಿ ಆ ಸೂಕ್ಷ್ಮ ಬಹುಮಟ್ಟಿಗೆ ಮಾಯವಾಗುತ್ತದೆ ಎಂದು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ಮನೆಯಲ್ಲಿ ಕೇಳದ ಭೇದವನ್ನು ಮಿದುಳು ಲೆಕ್ಕಕ್ಕೆ ಇಡುವುದಿಲ್ಲ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ‘ಬೆಳೆ’, ‘ಬೆಲೆ’ ಎರಡರ ಮಾತನ್ನೂ ಒಬ್ಬ ಇಂಗ್ಲಿಷನ ಮುಂದೆ ಆಡಿ ನೋಡಿ, ಅವನೂ ನಮ್ಮಷ್ಟೇ ಪೇಚಾಡುತ್ತಾನೆ.

ಈ ಎರಡನೆಯ ಬಗೆಗೆ ಮದ್ದು ತುಟಿಯಲ್ಲಿದೆ. ಬನಿಯನ್ನಿನ ವೆಸ್ಟ್‌ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಸಣ್ಣಗೆ ಗುಂಯ್‌ಗುಡಬೇಕು. ಪಶ್ಚಿಮಕ್ಕೆ ಹಲ್ಲಿನ ಗೊಡವೆಯೇ ಬೇಡ, ತುಟಿ ದುಂಡಗಾದರೆ ಸಾಕು. ಸ್ಟೇಷನರಿಗೆ ಮಾತ್ರ ನಿಘಂಟೇ ಗತಿ.