‘ಮಿಸ್ಟೇಕು’ ಆಯಿತಂತೆ!

ಈ ಮಾತನ್ನು ನೀವೂ ಕೇಳಿದ್ದೀರಿ, ನಾವೂ ಕೇಳಿದ್ದೇವೆ.

ಶ್ರೀರಂಗಪಟ್ಟಣದ ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೆ, “ಮಿಸ್ಟೇಕ್ ಆಯ್ತು ಕಣಣ್ಣ” ಅಂತಾರೆ. ನಾಗಮಂಗಲದ ಕಡೆ ಹಾಲಿನ ಲೆಕ್ಕ ತಪ್ಪಿದರೆ, “ಏನೋ ಮಿಸ್ಟೇಕ್ ಆಗ್ಬುಟ್ಟದೆ, ಬುಡವ್ವ” ಅಂತಾರೆ. ಕೆ.ಆರ್. ಪೇಟೆಯ ಕಡೆ ಒಂದೇ ಮಳೆ ನಂಬಿ ರಾಗಿ ಬಿತ್ತಿದ ರೈತರು, “ನಂದೇ ಮಿಸ್ಟೇಕು” ಅಂತ ಹಣೆ ಚಚ್ಚಿಕೊಳ್ತಾರೆ.

ಮಿಸ್ಟೇಕು ಇಂಗ್ಲಿಷ್ ಮಾತು. ಬಸ್ಸು, ಬ್ಯಾಂಕು, ಟಿಕೀಟಿನ ಹಾಗೆ ನಮ್ಮ ಬಾಯಿಗೆ ಬಂದಿದೆ. ಆಡಿದರೆ ದೋಷವಿಲ್ಲ. ಆದರೆ ಈ ಮಾತು ರಾಗಿ, ಹೊಟ್ಟು, ಕಲ್ಲು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಕನ್ನಡದಲ್ಲಿ ಬೇರೆ ಬೇರೆ ಮಾತುಗಳಿವೆ. ನೋಡಿ:

ಕಣ್ತಪ್ಪು: ನೋಡಿದರೂ ಗಮನಕ್ಕೆ ಬಾರದೆ ಹೋದದ್ದು.
ಲೆಕ್ಕದ ತಪ್ಪು: ಕೂಡುವಾಗ, ಕಳೆಯುವಾಗ, ಅಂಕಿ ಬರೆಯುವಾಗ ಆದದ್ದು.
ಅಂದಾಜಿನ ತಪ್ಪು: ಹೀಗಾಗುತ್ತದೆ ಎಂದುಕೊಂಡೆವು, ಹಾಗಾಗಲಿಲ್ಲ.
ಮೋಸ: ಗೊತ್ತಿದ್ದೂ ಮಾಡಿದ್ದು. ಇದು ಮಿಸ್ಟೇಕೇ ಅಲ್ಲ.

ಇನ್ನೊಂದು ವಿಷಯ. “ತಪ್ಪಾಯ್ತು” ಎನ್ನುವಾಗ ನಾವು ಕೈ ಮುಗಿಯುತ್ತೇವೆ. “ಮಿಸ್ಟೇಕ್ ಆಯ್ತು” ಎನ್ನುವಾಗ ಯಾರೂ ಕೈ ಮುಗಿಯುವುದಿಲ್ಲ. ಅದು ಮಳೆ ಬಂದ ಹಾಗೆ ತಾನಾಗಿ ಬಂತು ಅನ್ನುವ ಹಾಗೆ! ಮಾತು ಅಲ್ಲಿಗೆ ಮುಗಿಯುತ್ತದೆ. ನಷ್ಟ ಮುಗಿಯುತ್ತದೆಯೇ?

ಬನ್ನಿ, ಒಂದು ಲೆಕ್ಕ ಮಾಡೋಣ.

40 ಗುಂಟೆಗೆ 1 ಎಕರೆ. ಪಹಣಿಯಲ್ಲಿ 1-20 ಎಂದಿದ್ದರೆ 1 ಎಕರೆ 20 ಗುಂಟೆ. ಅಂದರೆ ಒಂದೂವರೆ ಎಕರೆ. ಬರೆಯುವವರು ಕಣ್ತಪ್ಪಿ 1-02 ಎಂದು ಬರೆದರೆ? ಅಂಕಿಗಳು ಅವೇ, ಜಾಗ ಮಾತ್ರ ಅದಲುಬದಲು. ಆದರೆ 18 ಗುಂಟೆ ಹೋಯಿತು! ಅರ್ಧ ಎಕರೆಗೆ ಎರಡೇ ಗುಂಟೆ ಕಮ್ಮಿ.

ಹಿಂದೆ ಪಹಣಿಯನ್ನು ಕೈಯಲ್ಲಿ ಬರೆಯುತ್ತಿದ್ದರು. ಕನ್ನಡದ ೬ ಮತ್ತು ೯ ನೋಡಲು ಹತ್ತಿರ ಹತ್ತಿರ. ಒಂದನ್ನು ಇನ್ನೊಂದು ಎಂದು ಓದುವುದು ಸುಲಭ. 2000ರ ಸುಮಾರಿಗೆ ‘ಭೂಮಿ’ ಯೋಜನೆ ಬಂತು. ಪಹಣಿ ಕಂಪ್ಯೂಟರಿಗೆ ಸೇರಿತು. ಆದರೆ ಕಂಪ್ಯೂಟರಿಗೆ ನಿಮ್ಮ ಹೊಲ ಗೊತ್ತಿಲ್ಲ. ಒಳಗೆ ಹಾಕಿದ ಅಂಕಿಯನ್ನೇ ಅದು ಹೊರಗೆ ಕೊಡುತ್ತದೆ.

ನೀವೇ ಪರೀಕ್ಷೆ ಮಾಡಬಹುದು. ಪಹಣಿಯ 3ನೇ ಕಲಂನಲ್ಲಿ ಜಮೀನಿನ ವಿಸ್ತೀರ್ಣ ಇರುತ್ತದೆ. 9ನೇ ಕಲಂನಲ್ಲಿ ಯಾರ ಹೆಸರಿಗೆ ಎಷ್ಟು ಎಂದು ಇರುತ್ತದೆ. 9ನೇ ಕಲಂನ ಅಂಕಿಗಳನ್ನು ಕೂಡಿ. 3ನೇ ಕಲಂನಲ್ಲಿ ಖರಾಬು ಕಳೆದು ಉಳಿದದ್ದಕ್ಕೆ ಅದು ಸರಿಹೋಗಬೇಕು. ಹೋಗದಿದ್ದರೆ ಎಲ್ಲೋ ತಪ್ಪಿದೆ.

ಆಗ ಏನು ಮಾಡಬೇಕು? “ಮಿಸ್ಟೇಕ್ ಆಗಿದೆ” ಎಂದು ಬಾಯಲ್ಲಿ ಹೇಳಿ ಬಂದರೆ ಸಾಲದು. ಯಾವ ಸರ್ವೆ ನಂಬರು, ಯಾವ ಕಲಂ, ಇರುವ ಅಂಕಿ ಎಷ್ಟು, ಇರಬೇಕಾದ್ದು ಎಷ್ಟು ಎಂದು ತಹಸೀಲ್ದಾರರಿಗೆ ಅರ್ಜಿ ಬರೆಯಿರಿ. ಹಳೆಯ ಪಹಣಿ, ಕ್ರಯಪತ್ರದ ನಕಲು ಲಗತ್ತಿಸಿ. ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ತಹಸೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕಿಗೆ ಆ ಕಚೇರಿ ಪಾಂಡವಪುರದಲ್ಲಿದೆ.

ಹಾಲಿನ ಪುಸ್ತಕವಾಗಲಿ, ಬ್ಯಾಂಕಿನ ಪಾಸ್‌ಬುಕ್ಕಾಗಲಿ, ಕಬ್ಬಿನ ತೂಕದ ಚೀಟಿಯಾಗಲಿ, ರೀತಿ ಒಂದೇ. ಯಾರಾದರೂ “ಮಿಸ್ಟೇಕ್ ಆಯ್ತು” ಅಂದರೆ ಜಗಳ ಬೇಡ. ಮೂರು ಮಾತು ಕೇಳೋಣ: ಯಾವ ಅಂಕಿ ತಪ್ಪು? ಸರಿಯಾದ್ದು ಎಷ್ಟು? ಎಂದು ಸರಿಮಾಡುತ್ತೀರಿ?

ತಪ್ಪು ನಮ್ಮದೇ ಆದರೆ ನಾವೂ ಹಾಗೇ ಉತ್ತರ ಕೊಡೋಣ. ಲೆಕ್ಕದ ತಪ್ಪು ಯಾರಿಗಾದರೂ ಆಗುತ್ತದೆ. ತೋರಿಸಿದ ಮೇಲೂ ತಿದ್ದದಿದ್ದರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರನ್ನು ಮೇಲಿನ ಪಟ್ಟಿಯಲ್ಲಿ ನೀವೇ ಓದಿದ್ದೀರಿ.

ಇವತ್ತು ರಾತ್ರಿ ಪೆಟ್ಟಿಗೆಯಲ್ಲಿರುವ ಪಹಣಿ ತೆಗೆಯಿರಿ. ದೀಪದ ಹತ್ತಿರ ಕೂತು 3ನೇ ಕಲಂ ಓದಿ. 9ನೇ ಕಲಂ ಓದಿ. ಕೂಡಿ ನೋಡಿ.